ವಿದೇಶಿ ಪತ್ರಿಕೆಯ ಸಂಚಿಕೆ ಬರಲಿಲ್ವಾ? ಸುಮ್ಮನೆ ಕಾಯಬೇಡಿ, ವಾರ ಎಣಿಸಿ

(ಪಾಡ್‌ಕಾಸ್ಟ್‌ನ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಸಣ್ಣದು. ಆದರೆ ಅದರ ಕಿರಿಕಿರಿ ಅನುಭವಿಸಿದವರಿಗೇ ಗೊತ್ತು. ಹೊರದೇಶದ ಒಂದು ಹವ್ಯಾಸದ ಪತ್ರಿಕೆಗೆ ವರ್ಷದ ಚಂದಾ ಕಟ್ಟಿರ್ತೀರಿ. ವಿಮಾನ, ರೈಲು ಮಾಡೆಲಿಂಗ್, ಖಗೋಳ, ಅಂಚೆಚೀಟಿ, ಹ್ಯಾಮ್ ರೇಡಿಯೊ, ಯಾವುದೋ ಒಂದು. ಜನವರಿ ಸಂಚಿಕೆ ಬರುತ್ತೆ, ಫೆಬ್ರವರಿ ಬರುತ್ತೆ, ಮಾರ್ಚ್ ಪತ್ತೆ ಇಲ್ಲ. ಏಪ್ರಿಲ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಬಂದು ಗೇಟಿನ ಡಬ್ಬದಲ್ಲಿ ಕೂತಿರುತ್ತೆ.

'ಪಿಡಿಎಫ್ ಓದಿದ್ರೆ ಆಯ್ತಲ್ಲ' ಅನ್ನೋರು ಇದ್ದಾರೆ. ಕೆಲವು ಪತ್ರಿಕೆಗೆ ಆ ಮಾತು ಸರಿ. ಆದರೆ ಹವ್ಯಾಸದ ಪತ್ರಿಕೆ ಸುದ್ದಿ ಪತ್ರಿಕೆ ಥರ ಅಲ್ಲ. ಒಂದು ಮಾಡೆಲ್ ಕಟ್ಟೋ ವಿಧಾನ ಮೂರು ತಿಂಗಳು ಕಂತಿನಲ್ಲಿ ಬರುತ್ತೆ. ಮಧ್ಯದ ಕಂತೇ ಇಲ್ಲ ಅಂದ್ರೆ ರೆಕ್ಕೆ ಇಲ್ಲದ ವಿಮಾನ ಟೇಬಲ್ ಮೇಲೆ ಉಳಿಯುತ್ತೆ. ಮಡಚಿದ ಪ್ಲಾನ್ ಶೀಟ್, ನಕ್ಷತ್ರದ ನಕ್ಷೆ ಇವೆಲ್ಲ ಫೋನ್ ಪರದೆಯಲ್ಲಿ ಕೆಲಸಕ್ಕೆ ಬರಲ್ಲ. ಜತೆಗೆ ದುಡ್ಡಿನ ಮಾತು. ಎಷ್ಟೋ ಪತ್ರಿಕೆಗಳಿಗೆ ಭಾರತಕ್ಕೆ ಕಳಿಸುವ ಅಂಚೆ ವೆಚ್ಚವೇ ಚಂದಾದ ದೊಡ್ಡ ಪಾಲು. ಸ್ಟೈಪೆಂಡ್‌ನಲ್ಲೋ ಮೊದಲ ಸಂಬಳದಲ್ಲೋ ಉಳಿಸಿ ಕಟ್ಟಿದ ಹಣ ಅದು.

ನಾನಿರೋದು ಯಲಹಂಕ ನ್ಯೂ ಟೌನ್‌ನಲ್ಲಿ. ಈ ಕಡೆಯವರಿಗೆ ಇಂಥ ಹುಚ್ಚು ಹಿಡಿಯೋದು ಸಹಜ. 1996ರಿಂದ ಏರೋ ಇಂಡಿಯಾ ನಡೆಯೋದು ಇಲ್ಲಿನ ವಾಯುನೆಲೆಯಲ್ಲೇ. ಜಕ್ಕೂರಿನಲ್ಲಿ ಸಣ್ಣ ವಿಮಾನಗಳು ಇಳಿಯೋದು ಫ್ಲೈಓವರ್ ಮೇಲಿಂದಲೇ ಕಾಣುತ್ತೆ. ರೈಲಿನ ಹುಚ್ಚಿನವರಿಗೆ ಯಲಹಂಕದ ರೈಲು ಗಾಲಿ ಕಾರ್ಖಾನೆ ಇದೆ, ಯಶವಂತಪುರ ಜಂಕ್ಷನ್ ಇದೆ. ನಾನು ಚಂದಾ ಕಟ್ಟಿರೋದು ಇಂಗ್ಲೆಂಡಿನ ಒಂದು ವಿಮಾನ ಪತ್ರಿಕೆಗೆ. ಕಳೆದ ವರ್ಷ 12 ಸಂಚಿಕೆಗಳಲ್ಲಿ 2 ನನ್ನ ಕೈಗೆ ಬರಲಿಲ್ಲ. ಕೇಳಿದ ಮೇಲೆ ಒಂದು ಮತ್ತೆ ಬಂತು, ಇನ್ನೊಂದರ ಬದಲಿಗೆ ಚಂದಾ ಒಂದು ತಿಂಗಳು ಮುಂದಕ್ಕೆ ಹೋಯ್ತು. ಆ ಓಡಾಟದಲ್ಲಿ ತಿಳಿದಿದ್ದನ್ನ ಇವತ್ತು ಹೇಳ್ತೀನಿ.

ಸಾರಾಂಶ ಮೊದಲೇ ಹೇಳಿಬಿಡ್ತೀನಿ. ಕಳೆದುಹೋದ ಸಂಚಿಕೆಯನ್ನ ಹುಡುಕಿಸೋಕೆ ಹೆಚ್ಚುಕಡಿಮೆ ಆಗಲ್ಲ. ಆದರೆ ಅದರ ಬದಲಿಗೆ ಇನ್ನೊಂದನ್ನ ತರಿಸಿಕೊಳ್ಳಬಹುದು. ಅದಕ್ಕೆ ಬೇಕಾಗಿರೋದು ಎರಡೇ: ಅದು ಯಾವ ವಾರ ಬರಬೇಕಿತ್ತು ಅನ್ನೋ ಲೆಕ್ಕ, ಮತ್ತು ಗಡುವಿನೊಳಗೆ ಒಂದು ಇಮೇಲ್.

ನಿಜವಾಗ್ಲೂ ಕಳೆದಿದೆಯಾ?

ದೂರು ಕೊಡೋಕೆ ಮುಂಚೆ ಮೂರು ವಿಷಯ ನೋಡಿ.

ಒಂದು, ಮುಖಪುಟದ ತಿಂಗಳು. ಇಂಗ್ಲೆಂಡ್, ಅಮೆರಿಕದ ಪತ್ರಿಕೆಗಳು ಮುಖಪುಟದ ಮೇಲೆ ಮುಂದಿನ ತಿಂಗಳ ಹೆಸರು ಹಾಕೋದು ಹಳೇ ರೂಢಿ. 'ಮಾರ್ಚ್' ಅಂತ ಇರೋ ಸಂಚಿಕೆ ಅಲ್ಲಿ ಫೆಬ್ರವರಿಯಲ್ಲೋ ಅದಕ್ಕೂ ಮುಂಚೆಯೋ ಅಂಗಡಿಗೆ ಬಂದಿರುತ್ತೆ. ಹಾಗಾಗಿ ಲೆಕ್ಕ ಶುರು ಮಾಡಬೇಕಾಗಿರೋದು ಮುಖಪುಟದ ತಿಂಗಳಿಂದ ಅಲ್ಲ, ಅದು ಅಲ್ಲಿ ಮಾರಾಟಕ್ಕೆ ಬಂದ ದಿನದಿಂದ. ಆ ದಿನ ಪ್ರಕಾಶಕರ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತೆ.

ಎರಡು, ವರ್ಷಕ್ಕೆ ಎಷ್ಟು ಸಂಚಿಕೆ. ಎಲ್ಲ ಪತ್ರಿಕೆಯೂ 12 ಅಲ್ಲ. ಕೆಲವು 10, ಕೆಲವು 6, ಕೆಲವು 13. ಕೆಲವರು ಎರಡು ತಿಂಗಳಿಗೆ ಸೇರಿಸಿ ಒಂದೇ ತರ್ತಾರೆ. ನೋಡಬೇಕಾಗಿರೋದು ಸಂಚಿಕೆಯ ಸಂಖ್ಯೆ. 431 ಆದ್ಮೇಲೆ 432 ಬಂದಿದ್ರೆ ತಿಂಗಳ ಹೆಸರು ಏನೇ ಇರಲಿ, ನಿಮಗೇನೂ ತಪ್ಪಿಲ್ಲ. 431 ಆದ್ಮೇಲೆ 433 ಬಂದ್ರೆ ಮಾತ್ರ ಒಂದು ತಪ್ಪಿದೆ.

ಮೂರು, ಚಂದಾ ಜೀವಂತ ಇದೆಯಾ? ಇದು ನಮ್ಮ ದೇಶದವರಿಗೆ ವಿಶೇಷವಾಗಿ ಮುಖ್ಯ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಕಾರ್ಡಿನ ಆಟೋ ಪೇಮೆಂಟ್‌ಗೆ ಹೊಸ ನಿಯಮ ಜಾರಿಗೆ ತಂತು. ನಿಮ್ಮ ಒಪ್ಪಿಗೆಯನ್ನ ಮೊದಲೇ ನೋಂದಾಯಿಸಬೇಕು, ಹಣ ಕಡಿಯೋಕೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು. ಈ ವ್ಯವಸ್ಥೆಗೆ ಸೇರದ ವಿದೇಶಿ ಪ್ರಕಾಶಕರ ಆಟೋ ರಿನ್ಯೂವಲ್ ನಮ್ಮ ಕಾರ್ಡಿನಲ್ಲಿ ತಿರಸ್ಕಾರ ಆಗುತ್ತೆ. 'ತಾನಾಗೇ ರಿನ್ಯೂ ಆಗುತ್ತೆ' ಅಂತ ಅಲ್ಲಿ ಬರೆದಿದ್ರೂ ಇಲ್ಲಿ ಆಗಿರಲ್ಲ. ಪ್ಲಾಸ್ಟಿಕ್ ಕವರಿನ ವಿಳಾಸದ ಚೀಟಿಯಲ್ಲಿ ಎಷ್ಟೋ ಸಲ ಕೊನೆಯ ಸಂಚಿಕೆಯ ಸಂಖ್ಯೆ ಮುದ್ರಿಸಿರ್ತಾರೆ. ಅದನ್ನ ನೋಡಿ.

ಇದರ ಜತೆ ಇನ್ನೊಂದು. ಕೆಲವು ಸಂಸ್ಥೆಗಳು ನಿಯಮವನ್ನೇ ಬದಲಿಸಿವೆ. ಅಮೆರಿಕದ ಹ್ಯಾಮ್ ರೇಡಿಯೊ ಸಂಸ್ಥೆ ಎಆರ್‌ಆರ್‌ಎಲ್ 1915ರಿಂದ 'ಕ್ಯೂಎಸ್‌ಟಿ' ಪತ್ರಿಕೆ ತರ್ತಿದೆ. 2024ರ ಜನವರಿಯಿಂದ ಅದರ ಸದಸ್ಯತ್ವಕ್ಕೆ ಡಿಜಿಟಲ್ ಪ್ರತಿ ಮಾತ್ರ ಸಿಗುತ್ತೆ, ಅಚ್ಚಿನ ಪ್ರತಿಗೆ ಬೇರೆ ಹಣ ಕಟ್ಟಬೇಕು. ಇಂಥ ಕಡೆ ಸಂಚಿಕೆ ಕಳೆದಿರಲ್ಲ, ಅದನ್ನ ಯಾರೂ ಕಳಿಸೇ ಇರಲ್ಲ.

ದಾರಿಯಲ್ಲಿ ಏನಾಗುತ್ತೆ?

ಸರಿ, ಮೂರೂ ನೋಡಾಯ್ತು. ನಿಜವಾಗ್ಲೂ ಒಂದು ತಪ್ಪಿದೆ. ಎಲ್ಲಿ ಹೋಯ್ತು?

ಮುದ್ರಣಾಲಯದಿಂದ ನಿಮ್ಮ ಮನೆವರೆಗೆ ದಾರಿ ಉದ್ದ. ಪ್ರಕಾಶಕರು ವಿಳಾಸಗಳ ಪಟ್ಟಿಯನ್ನ ಮೇಲಿಂಗ್ ಸಂಸ್ಥೆಗೆ ಕೊಡ್ತಾರೆ. ಅವರು ಕವರಿಗೆ ಹಾಕಿ, ಚೀಟಿ ಅಂಟಿಸಿ, ದೇಶವಾರು ಚೀಲ ಕಟ್ತಾರೆ. ಅಗ್ಗವಾಗ್ಲಿ ಅಂತ ಕೆಲವರು ಬೇರೆ ದೇಶದ ಅಂಚೆ ಮೂಲಕ ಕಳಿಸ್ತಾರೆ. ಇಂಗ್ಲೆಂಡಿನ ಪತ್ರಿಕೆಯ ಕವರಿನ ಮೇಲೆ ಇನ್ಯಾವುದೋ ದೇಶದ ಮುದ್ರೆ ಇದ್ರೆ ಗಾಬರಿ ಬೇಡ. ಆಮೇಲೆ ವಿಮಾನ, ಭಾರತದಲ್ಲಿ ವಿದೇಶಿ ಅಂಚೆ ತೆಗೆದುಕೊಳ್ಳುವ ಕಚೇರಿ, ಕಸ್ಟಮ್ಸ್, ವಿಂಗಡಣೆ, ನಿಮ್ಮ ಏರಿಯಾದ ಅಂಚೆ ಕಚೇರಿ, ಪೋಸ್ಟ್‌ಮ್ಯಾನ್, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಟೇಬಲ್.

ಇಷ್ಟು ಕೈ ದಾಟೋ ವಸ್ತುವಿಗೆ ಟ್ರ್ಯಾಕಿಂಗ್ ಇರಲ್ಲ. ಯಾಕಂದ್ರೆ ಪತ್ರಿಕೆ ಬರೋದು ಸಾಮಾನ್ಯ ಮುದ್ರಿತ ಸಾಮಗ್ರಿಯಾಗಿ. ರಿಜಿಸ್ಟರ್ ಆದ ಅಂತರರಾಷ್ಟ್ರೀಯ ಅಂಚೆಗೆ 13 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತೆ: ಮೊದಲು ಎರಡು ಅಕ್ಷರ, ಆಮೇಲೆ 9 ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಅದು 'ಆರ್' ಅಕ್ಷರದಿಂದ ಶುರುವಾದ್ರೆ ರಿಜಿಸ್ಟರ್ ಅಂತ ಅರ್ಥ. ನಿಮ್ಮ ಪತ್ರಿಕೆಯ ಕವರಿನ ಮೇಲೆ ಅಂಥ ಸಂಖ್ಯೆ ಇಲ್ಲ ಅಂದ್ರೆ 'ನನ್ನ ಸಂಚಿಕೆ ಎಲ್ಲಿದೆ' ಅನ್ನೋ ಪ್ರಶ್ನೆಗೆ ಯಾವ ದೇಶದ ಅಂಚೆಯ ಕಂಪ್ಯೂಟರ್‌ನಲ್ಲೂ ಉತ್ತರ ಇರಲ್ಲ.

ಇದು ಯಾರದೋ ಸೋಮಾರಿತನ ಅಲ್ಲ, ವ್ಯವಸ್ಥೆ ಇರೋದೇ ಹಾಗೆ. ದೇಶದೇಶಗಳ ನಡುವಿನ ಅಂಚೆಯ ನಿಯಮ ಮಾಡೋದು 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ. ಭಾರತ 1876ರಿಂದ ಅದರ ಸದಸ್ಯ. ಅದರ ನಿಯಮದ ಪ್ರಕಾರ ರಿಜಿಸ್ಟರ್ ಅಂಚೆಯ ಬಗ್ಗೆ 6 ತಿಂಗಳೊಳಗೆ ವಿಚಾರಣೆ ಕೇಳಬಹುದು. ಸಾಮಾನ್ಯ ಮುದ್ರಿತ ಸಾಮಗ್ರಿಗೆ ಆ ಸೌಲಭ್ಯ ಇಲ್ಲ. ಅಷ್ಟೇ ಅಲ್ಲ, ವಿಳಾಸ ಸಿಗದ ಇಂಥ ಸಾಮಗ್ರಿಯನ್ನ ವಾಪಸ್ ಕಳಿಸಲೇಬೇಕು ಅನ್ನೋ ಕಡ್ಡಾಯವೂ ಇಲ್ಲ, ಕಳಿಸಿದವರು ಕವರಿನ ಮೇಲೆ ಹಾಗಂತ ಕೇಳಿದ್ರೆ ಬೇರೆ ಮಾತು. ಇದರ ಪರಿಣಾಮ ಏನು ಗೊತ್ತಾ? ಪ್ರಕಾಶಕರ ಕಂಪ್ಯೂಟರ್‌ನಲ್ಲಿ ನಿಮ್ಮ ಸಂಚಿಕೆ 'ಕಳಿಸಲಾಗಿದೆ' ಅಂತಾನೇ ಇರುತ್ತೆ. ನೀವು ಹೇಳೋವರೆಗೂ ಅವರ ಪಾಲಿಗೆ ಅದು ನಿಮ್ಮ ಕೈಯಲ್ಲಿದೆ.

ಇನ್ನು ತಡ ಆಗೋದು ಬೇರೆ, ಕಳೆದು ಹೋಗೋದು ಬೇರೆ. 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತವು. ವೇಳಾಪಟ್ಟಿಯ ವಿಮಾನಗಳು ಪೂರ್ತಿಯಾಗಿ ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಅಂಚೆ ಚೀಲಗಳು ಆ ವಿಮಾನಗಳ ಹೊಟ್ಟೆಯಲ್ಲೇ ಬರೋದರಿಂದ ಅಂಚೆಯೂ ಏರುಪೇರಾಯ್ತು. ವಿಮಾನ ಕಡಿಮೆಯಾದಾಗ ಸಂಚಿಕೆ ತಡವಾಗುತ್ತೆ, ಕೆಲವೊಮ್ಮೆ ಎರಡು ಮೂರು ಒಟ್ಟಿಗೆ ಬರುತ್ತೆ. ಹಾಗಾದ್ರೆ ಎಷ್ಟು ದಿನ ಕಾಯಬೇಕು?

ರಂಗನಾಥನ್ ಅವರ ಕಾರ್ಡು

ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದವರು ಎಸ್. ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಹೆಸರಾದವರು. ಬದುಕಿನ ಕೊನೆಯ ವರ್ಷಗಳನ್ನ ಕಳೆದಿದ್ದು ನಮ್ಮ ಬೆಂಗಳೂರಲ್ಲೇ. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಅನ್ನೋ ತರಬೇತಿ ಕೇಂದ್ರ ಕಟ್ಟಿದರು. ತೀರಿಕೊಂಡಿದ್ದು 1972ರಲ್ಲಿ.

ಗ್ರಂಥಾಲಯಗಳ ಕಷ್ಟ ನಮ್ಮ ಕಷ್ಟದ ನೂರು ಪಟ್ಟು. ಯಶವಂತಪುರದ ಪಕ್ಕದಲ್ಲೇ ಇರೋ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ವಿದೇಶಿ ವಿಜ್ಞಾನ ಪತ್ರಿಕೆಗಳೆಲ್ಲ ಅಂಚೆಯಲ್ಲೇ ಬರ್ತಿದ್ದ ಕಾಲ ಯೋಚಿಸಿ. ಯಾವುದು ಬಂತು ಅಂತ ಬರೆದಿಡೋದು ಸುಲಭ. ಯಾವುದು ಬರಲಿಲ್ಲ ಅಂತ ತಿಳಿಯೋದು ಹೇಗೆ? ಬರದೇ ಇರೋ ವಸ್ತು ನಿಮ್ಮನ್ನ ಕೂಗಿ ಕರೆಯಲ್ಲವಲ್ಲ.

ರಂಗನಾಥನ್ ಮೂರು ಕಾರ್ಡಿನ ಪದ್ಧತಿ ತಂದರು. ಮೊದಲನೆಯದು ರಿಜಿಸ್ಟರ್ ಕಾರ್ಡು. ಪ್ರತಿ ಪತ್ರಿಕೆಗೆ ಒಂದು. ಯಾವ ಸಂಪುಟ, ಯಾವ ಸಂಚಿಕೆ, ಪ್ರಕಟವಾದ ದಿನ, ನಮಗೆ ಸಿಕ್ಕ ದಿನ, ಚಂದಾ ಕಟ್ಟಿದ ವಿವರ ಅದರಲ್ಲಿ ಇರುತ್ತೆ. ಮೂರನೆಯದು ವಿಷಯವಾರು ಸೂಚಿ, ಗ್ರಂಥಾಲಯದಲ್ಲಿ ಏನೇನಿದೆ ಅನ್ನೋದಕ್ಕೆ. ನಮಗೆ ಬೇಕಾಗಿರೋದು ಎರಡನೆಯದು, ಚೆಕ್ ಕಾರ್ಡು. ಇದನ್ನ ಇಡೋದು ಪತ್ರಿಕೆಯ ಹೆಸರಿನ ಪ್ರಕಾರ ಅಲ್ಲ, ಮುಂದಿನ ಸಂಚಿಕೆ ಬರಬೇಕಾದ ವಾರದ ಪ್ರಕಾರ. ಸಂಚಿಕೆ ಬಂತಾ, ಕಾರ್ಡು ಮುಂದಿನದು ಬರಬೇಕಾದ ವಾರಕ್ಕೆ ಹೋಗುತ್ತೆ. ಬರಲಿಲ್ವಾ, ಆ ವಾರದ ಗುಂಪಿನಲ್ಲೇ ಉಳಿಯುತ್ತೆ. ವಾರದ ಕೊನೆಗೆ ಉಳಿದ ಕಾರ್ಡುಗಳಿಗೆಲ್ಲ ನೆನಪೋಲೆ ಹೋಗುತ್ತೆ. ಬರದೇ ಇದ್ದದ್ದು ತಾನಾಗಿ ಕಣ್ಣಿಗೆ ಬೀಳುತ್ತೆ!

ಇದನ್ನ ಫೋನಿನಲ್ಲಿ ಮಾಡೋಕೆ ಆ್ಯಪ್ ಬೇಕಿಲ್ಲ, ಕ್ಯಾಲೆಂಡರ್ ಸಾಕು. ಹಿಂದಿನ ಮೂರ್ನಾಲ್ಕು ಸಂಚಿಕೆ ಅಲ್ಲಿ ಮಾರಾಟಕ್ಕೆ ಬಂದ ಮೇಲೆ ನಿಮಗೆ ಎಷ್ಟು ವಾರಕ್ಕೆ ಸಿಕ್ತು ನೋಡಿ. ನನ್ನ ಪತ್ರಿಕೆಗೆ ಮೂರರಿಂದ ಐದು ವಾರ. ಹಾಗಾಗಿ ನಾನು ಆರನೇ ವಾರಕ್ಕೆ ಒಂದು ರಿಮೈಂಡರ್ ಇಡ್ತೀನಿ: 'ಸಂಚಿಕೆ 432 ಬಂತಾ?' ಬಂದ ದಿನ ಕವರಿನ ಫೋಟೊ ತೆಗೆದು ಒಂದು ಫೋಲ್ಡರ್‌ಗೆ ಹಾಕಿ, ರಿಮೈಂಡರನ್ನ 433ಕ್ಕೆ ತಳ್ತೀನಿ. ಆ ಫೋಟೊಗಳೇ ನನ್ನ ರಿಜಿಸ್ಟರ್ ಕಾರ್ಡು. ತಿಂಗಳಿಗೆ ಒಂದು ನಿಮಿಷದ ಕೆಲಸ.

ಇಮೇಲ್ ಯಾವಾಗ, ಏನಂತ?

ವಾರದ ಲೆಕ್ಕ ಯಾಕೆ ಬೇಕು ಅಂದ್ರೆ ಪ್ರಕಾಶಕರ ಬಾಗಿಲು ಸ್ವಲ್ಪ ಕಾಲ ಮಾತ್ರ ತೆರೆದಿರುತ್ತೆ. ಬೇಗ ಬರೆದ್ರೆ 'ಹೊರದೇಶ ಅಲ್ವಾ, ಇನ್ನೂ ಸ್ವಲ್ಪ ಕಾಯಿರಿ' ಅಂತಾರೆ. ತಡವಾಗಿ ಬರೆದ್ರೆ 'ಕೇಳೋ ಅವಧಿ ಮುಗಿದಿದೆ' ಅಂತಾರೆ, ಇಲ್ಲಾ ಪ್ರತಿಗಳೇ ಮುಗಿದಿರುತ್ತವೆ. ಹವ್ಯಾಸದ ಪತ್ರಿಕೆಗಳು ಹೆಚ್ಚುವರಿ ಪ್ರತಿ ಬಹಳ ಅಚ್ಚು ಹಾಕಲ್ಲ. ಆ ಅವಧಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಚಂದಾ ಪುಟದ ಪ್ರಶ್ನೋತ್ತರದಲ್ಲಿ ಬರೆದಿರ್ತಾರೆ. ಇವತ್ತೇ ಓದಿ, ಅದನ್ನೂ ಕ್ಯಾಲೆಂಡರ್‌ಗೆ ಹಾಕಿ.

ಇಮೇಲ್ ಬರೆಯಬೇಕಾಗಿರೋದು ಸಂಪಾದಕರಿಗಲ್ಲ, ಚಂದಾ ವಿಭಾಗಕ್ಕೆ. ಉದ್ದ ಬೇಡ, ಸಿಟ್ಟು ಬೇಡ. ಚಂದಾ ಸಂಖ್ಯೆ, ಪತ್ರಿಕೆಯ ಹೆಸರು, ಬರದ ಸಂಚಿಕೆಯ ಸಂಖ್ಯೆ ಮತ್ತು ತಿಂಗಳು, ಪೂರ್ತಿ ವಿಳಾಸ ಹಾಕಿ. ಜತೆಗೆ ಅತಿ ಮುಖ್ಯವಾದ ಒಂದು ಸಾಲು: 431 ಈ ದಿನ ಬಂತು, 433 ಈ ದಿನ ಬಂತು, 432 ಬರಲಿಲ್ಲ. ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ವಿಳಾಸ ಸರಿ ಇದೆ, ಚಂದಾ ಜೀವಂತ ಇದೆ, ನೀವು ಲೆಕ್ಕ ಇಟ್ಟಿದ್ದೀರಿ ಅನ್ನೋ ಮೂರೂ ಅದರಲ್ಲಿ ಬಂದುಬಿಡುತ್ತೆ. ಕವರಿನ ಫೋಟೊ ಲಗತ್ತಿಸಿ.

ಕೊನೆಗೆ ಏನು ಬೇಕು ಅಂತ ನೀವೇ ಹೇಳಿ. ಬದಲಿ ಪ್ರತಿಯೋ, ಚಂದಾ ಒಂದು ಸಂಚಿಕೆ ಮುಂದಕ್ಕೆ ಹಾಕೋದೋ? ನೀವು ಹೇಳದಿದ್ರೆ ಅವರಿಗೆ ಸುಲಭವಾಗಿದ್ದನ್ನ ಅವರು ಮಾಡ್ತಾರೆ. ಕಂತಿನ ಲೇಖನ ಇದ್ರೆ ಬದಲಿ ಪ್ರತಿಯನ್ನೇ ಕೇಳಿ, ಅದು ಬರೋವರೆಗೆ ಡಿಜಿಟಲ್ ಪ್ರತಿ ಕೊಡ್ತೀರಾ ಅಂತಲೂ ಕೇಳಿ. ಹತ್ತು ದಿನದಲ್ಲಿ ಉತ್ತರ ಇಲ್ಲ ಅಂದ್ರೆ ಅದೇ ಇಮೇಲ್‌ಗೆ ರಿಪ್ಲೈ ಮಾಡಿ. ಹೊಸ ಇಮೇಲ್ ಬರೆದ್ರೆ ಕಥೆ ಮತ್ತೆ ಮೊದಲಿಂದ.

ನಮ್ಮ ಕಡೆ ಸರಿಮಾಡಬೇಕಾದ್ದು

ಬೆಂಗಳೂರಿನ ವಿಳಾಸ ಒಂದು ಒಗಟು. ಗಂಗಾನಗರದಲ್ಲೂ 3ನೇ ಕ್ರಾಸ್, ಆರ್.ಟಿ. ನಗರದಲ್ಲೂ 3ನೇ ಕ್ರಾಸ್. ಯಲಹಂಕ ನ್ಯೂ ಟೌನ್‌ನಲ್ಲಿ 'ಎ' ಸೆಕ್ಟರ್, 'ಬಿ' ಸೆಕ್ಟರ್, ಆಮೇಲೆ ಫೇಸ್‌ಗಳು. ವಿದೇಶಿ ಪ್ರಕಾಶಕರ ಫಾರ್ಮಿನಲ್ಲಿ ಸಾಲಿಗೆ ಇಂತಿಷ್ಟೇ ಅಕ್ಷರ. ನಾವು ಮನೆ ಹೆಸರು, ದೇವಸ್ಥಾನದ ಹಿಂಭಾಗ, ಬೇಕರಿ ಎದುರು ಅಂತೆಲ್ಲ ತುಂಬಿಸಿದ್ರೆ ಕೊನೆಯಲ್ಲಿ ಕತ್ತರಿಸಿ ಹೋಗೋದು ಮುಖ್ಯವಾದದ್ದೇ. ಆದ್ದರಿಂದ ಮನೆ ಸಂಖ್ಯೆ, ಕ್ರಾಸ್, ಮೇನ್, ಬಡಾವಣೆ, ಬೆಂಗಳೂರು, ಪಿನ್, ಇಂಡಿಯಾ. ಇಷ್ಟು ಸಾಕು. ಬಂದ ಕವರಿನ ಚೀಟಿಯಲ್ಲಿ ಏನು ಮುದ್ರಣವಾಗಿದೆ ಅಂತ ಒಮ್ಮೆ ನೋಡಿ, ಫಾರ್ಮಿನಲ್ಲಿ ತುಂಬಿಸಿದ್ದೇ ಚೀಟಿಯಲ್ಲಿ ಇರುತ್ತೆ ಅಂತ ಇಲ್ಲ.

ಪಿನ್ ಅಂತೂ ಸರಿ ಇರಲೇಬೇಕು. 1972ರ ಆಗಸ್ಟ್ 15ರಂದು ಶುರುವಾದ ಈ ಆರು ಅಂಕಿಯಲ್ಲಿ ಮೊದಲ ಮೂರು ವಿಂಗಡಣೆ ಜಿಲ್ಲೆ, ಕೊನೆಯ ಮೂರು ವಿಲೇವಾರಿ ಮಾಡೋ ಅಂಚೆ ಕಚೇರಿ. ಯಲಹಂಕ 560064, ಹೆಬ್ಬಾಳ 560024, ಆರ್.ಟಿ. ನಗರ 560032, ಯಶವಂತಪುರ 560022, ಸಹಕಾರನಗರ 560092. ಹೆಬ್ಬಾಳದ ಸುತ್ತಮುತ್ತ ಒಂದು ರಸ್ತೆ ದಾಟಿದ್ರೆ ಪಿನ್ ಬದಲಾಗುತ್ತೆ. ನಕ್ಷೆಯ ಆ್ಯಪ್ ತೋರಿಸಿದ್ದನ್ನ ನಂಬದೆ ಅಂಚೆ ಇಲಾಖೆಯ ವೆಬ್‌ಸೈಟ್‌ನಲ್ಲೋ ಪೋಸ್ಟ್‌ಮ್ಯಾನ್ ಹತ್ರವೋ ಖಚಿತ ಮಾಡಿಕೊಳ್ಳಿ.

ಪೋಸ್ಟ್‌ಮ್ಯಾನ್ ಅಂದೆ ನೋಡಿ. ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್‌ಗೆ ನಿಮ್ಮ ಮುಖ, ನಿಮ್ಮ ಪತ್ರಿಕೆ ಎರಡೂ ಗೊತ್ತಿರಲಿ. 'ಸರ್, ತಿಂಗಳಿಗೊಂದು ಫಾರಿನ್ ಮ್ಯಾಗಜೀನ್ ಬರುತ್ತೆ, ಮನೇಲಿ ಯಾರೂ ಇಲ್ಲ ಅಂದ್ರೆ ಪಕ್ಕದ ಮನೆಗೆ ಕೊಡಿ' ಅಂತ ಒಮ್ಮೆ ಹೇಳಿ. ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯುರಿಟಿ ಅಣ್ಣನಿಗೂ ಹೇಳಿ. ಆನ್‌ಲೈನ್ ಶಾಪಿಂಗ್ ಪೆಟ್ಟಿಗೆಗಳ ರಾಶಿಯ ಅಡಿಯಲ್ಲಿ ತೆಳ್ಳನೆ ಪತ್ರಿಕೆ ವಾರಗಟ್ಟಲೆ ಮಲಗಿರಬಹುದು.

ಬಾಡಿಗೆ ಮನೆ ಬದಲಿಸೋರು ಇನ್ನೊಂದು ನೆನಪಿಡಿ. ವಿಳಾಸದ ಪಟ್ಟಿ ಮೇಲಿಂಗ್ ಸಂಸ್ಥೆಗೆ ಹೋಗೋದು ಪತ್ರಿಕೆ ಹೊರಡೋಕೆ ಎಷ್ಟೋ ವಾರ ಮುಂಚೆ. ಹಾಗಾಗಿ ಇವತ್ತು ವಿಳಾಸ ತಿದ್ದಿದ್ರೂ ಮುಂದಿನ ಒಂದೆರಡು ಸಂಚಿಕೆ ಹಳೇ ಮನೆಗೇ ಹೋಗುತ್ತೆ. ಹೊಸ ಅಗ್ರಿಮೆಂಟ್‌ಗೆ ಸಹಿ ಹಾಕಿದ ದಿನವೇ ಪ್ರಕಾಶಕರಿಗೆ ತಿಳಿಸಿ, ಹಳೇ ಏರಿಯಾದ ಅಂಚೆ ಕಚೇರಿಯಲ್ಲಿ ರಿಡೈರೆಕ್ಷನ್‌ಗೆ ಅರ್ಜಿ ಕೊಡಿ.

ಪದೇ ಪದೇ ಆದ್ರೆ?

ಒಂದು ಸಂಚಿಕೆ ತಪ್ಪಿದ್ರೆ ಅಂಚೆ ಇಲಾಖೆಗೆ ದೂರು ಕೊಟ್ಟು ಹೆಚ್ಚು ಪ್ರಯೋಜನ ಇಲ್ಲ, ಟ್ರ್ಯಾಕಿಂಗ್ ಸಂಖ್ಯೆಯೇ ಇಲ್ಲವಲ್ಲ. 2024ರ ಜೂನ್ 18ರಿಂದ ಜಾರಿಯಲ್ಲಿರೋ ಹೊಸ ಅಂಚೆ ಕಚೇರಿ ಕಾಯ್ದೆಯ ಪ್ರಕಾರ, ನಿಯಮದಲ್ಲಿ ಹೇಳಿರೋದನ್ನ ಬಿಟ್ಟರೆ ಅಂಚೆ ಕಚೇರಿಗೆ ತನ್ನ ಸೇವೆಯ ಬಗ್ಗೆ ಹೊಣೆಗಾರಿಕೆ ಇಲ್ಲ. 1898ರ ಹಳೇ ಕಾಯ್ದೆಯೂ ಇಂಥದ್ದೇ ರಕ್ಷಣೆ ಕೊಟ್ಟಿತ್ತು. ಪರಿಹಾರದ ಆಸೆ ಬೇಡ. ಆದರೆ ಸತತವಾಗಿ ಎರಡು ಮೂರು ಸಂಚಿಕೆ ತಪ್ಪಿದ್ರೆ, ಅದರಲ್ಲೂ ಊರೊಳಗಿನ ಬೇರೆ ಅಂಚೆಯೂ ಬರ್ತಿಲ್ಲ ಅಂದ್ರೆ, ಕಾರಣ ಹತ್ತಿರದಲ್ಲೇ ಇರಬಹುದು. ಆಗ ನಿಮ್ಮ ವಿಲೇವಾರಿ ಅಂಚೆ ಕಚೇರಿಗೆ ದಿನಾಂಕಗಳ ಸಮೇತ ಲಿಖಿತ ಅರ್ಜಿ ಕೊಡಿ, ಇಲ್ಲವೇ 1800 266 6868ಕ್ಕೆ ಕರೆ ಮಾಡಿ. ಇಲ್ಲಿ ಕೇಳಬೇಕಾದ್ದು 'ನನ್ನ ಪತ್ರಿಕೆ ಹುಡುಕಿಕೊಡಿ' ಅಂತಲ್ಲ, 'ನನ್ನ ವಿಳಾಸಕ್ಕೆ ಬಟವಾಡೆ ಸರಿಯಾಗಿ ಆಗ್ತಿದೆಯಾ ನೋಡಿ' ಅಂತ.

ರಿನ್ಯೂ ಮಾಡೋ ಹೊತ್ತಿಗೆ ನಿಮ್ಮ ಹತ್ರ ಒಂದು ವರ್ಷದ ಲೆಕ್ಕ ಇರುತ್ತೆ. 12ರಲ್ಲಿ 11 ಬಂದಿದ್ರೆ ಅಚ್ಚಿನ ಚಂದಾವನ್ನೇ ಮುಂದುವರಿಸಬಹುದು. 12ರಲ್ಲಿ 8 ಆದ್ರೆ ರಿಜಿಸ್ಟರ್ ಅಥವಾ ಟ್ರ್ಯಾಕ್ ಆಗೋ ಅಂಚೆಗೆ ಎಷ್ಟಾಗುತ್ತೆ ಕೇಳಿ. ದುಬಾರಿ ಅನಿಸಿದ್ರೆ ಒಂದೇ ಹವ್ಯಾಸದ ಮೂರ್ನಾಲ್ಕು ಗೆಳೆಯರು ಸೇರಿ ಒಂದೇ ವಿಳಾಸಕ್ಕೆ, ಮೂರು ತಿಂಗಳಿಗೊಮ್ಮೆ ಒಂದೇ ಪಾರ್ಸೆಲ್‌ನಲ್ಲಿ ತರಿಸೋಕೆ ಆಗುತ್ತಾ ವಿಚಾರಿಸಿ. ಇಲ್ಲಾ ಡಿಜಿಟಲ್ ಚಂದಾ ಮಾಡಿ, ಪ್ಲಾನ್ ಶೀಟ್ ಇರೋ ಸಂಚಿಕೆಗಳನ್ನ ಮಾತ್ರ ಬಿಡಿಯಾಗಿ ತರಿಸಿ. ಡಿಜಿಟಲ್‌ಗೆ ಹೋಗೋರು ಒಂದು ಮಾತು ಕೇಳಿಕೊಳ್ಳಿ: ಚಂದಾ ಮುಗಿದ ಮೇಲೂ ಹಳೇ ಸಂಚಿಕೆ ತೆರೆಯುತ್ತಾ? ಕೆಲವು ಕಡೆ ತೆರೆಯಲ್ಲ. ಇನ್ನು ಹಳೇ ಸಂಚಿಕೆಗೆ ಚರ್ಚ್ ಸ್ಟ್ರೀಟ್, ಅವೆನ್ಯೂ ರೋಡಿನ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳಲ್ಲೂ ಒಮ್ಮೆ ಕಣ್ಣಾಡಿಸಿ.

ಹೋಗೋ ಮುಂಚೆ ಒಂದು ಕೆಲಸ. ಈ ಎಪಿಸೋಡ್ ಮುಗಿದ ಕೂಡಲೇ ನಿಮ್ಮ ಶೆಲ್ಫಿನಲ್ಲಿರೋ ಕೊನೆಯ ಸಂಚಿಕೆಯ ಸಂಖ್ಯೆ ನೋಡಿ. ಅದಕ್ಕೆ ಒಂದು ಕೂಡಿಸಿ. ಆ ಸಂಖ್ಯೆ ಯಾವ ವಾರ ಬರಬೇಕು ಅಂತ ಲೆಕ್ಕ ಹಾಕಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಬಂದ್ರೆ ಸಂತೋಷ. ಬರದಿದ್ರೆ ಏನು ಮಾಡಬೇಕು ಅಂತ ನಿಮಗೀಗ ಗೊತ್ತು.